ಎರಡು ವರ್ಷದ ಮಗ, ಮಾತು ಕಡಿಮೆ, ರಕ್ತವೂ ಕಡಿಮೆ. ಸಂಶೋಧನೆಗೆ ಸೇರಿಸಲಾ, ಬೇಡವಾ?

ರೇಷ್ಮೆಮನೆ (ಶಿಡ್ಲಘಟ್ಟ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನನ್ನ ಮಗನಿಗೆ ಈಗ ಎರಡು ವರ್ಷ ಒಂದು ತಿಂಗಳು. ಹೋದ ವಾರ ನಮ್ಮೂರ ಅಂಗನವಾಡಿಗೆ ಬೆಂಗಳೂರಿನಿಂದ ನಾಲ್ಕು ಜನ ಬಂದಿದ್ದರು. ಚಿಕ್ಕ ಮಕ್ಕಳ ಆರೋಗ್ಯ, ಕಲಿಕೆ, ಬೆಳವಣಿಗೆ ಬಗ್ಗೆ ಸಂಶೋಧನೆಯಂತೆ. ಒಂದಷ್ಟು ಊರುಗಳಲ್ಲಿ ವಾರಕ್ಕೊಂದು ಸಲ ಒಬ್ಬರು ಮನೆಗೆ ಬಂದು ಮಗುವನ್ನು ಆಟ ಆಡಿಸಿ, ತಾಯಿಗೂ ಹೇಳಿಕೊಡ್ತಾರೆ. ಇನ್ನೊಂದಷ್ಟು ಊರುಗಳಲ್ಲಿ ಬರೀ ಅಳತೆ. ನಮ್ಮೂರು ಯಾವುದಕ್ಕೆ ಬರುತ್ತೆ ಅಂತ ಅವರಿಗೇ ಗೊತ್ತಿಲ್ಲವಂತೆ, ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಹೇಳುತ್ತಂತೆ.

ಮೊದಲ ದಿನದ ಪರೀಕ್ಷೆಗೆ ಮಾತ್ರ ಸಹಿ ಹಾಕಿದೆ. ಚಾಪೆ ಮೇಲೆ ಕೂರಿಸಿ ಕೆಂಪು ಬ್ಲಾಕ್ ಕೊಟ್ಟರು. ಇವನು ಮೂರು ಜೋಡಿಸಿದ. ಆಮೇಲೆ ಅದನ್ನೆಲ್ಲ ಎತ್ತಿಕೊಂಡು ಹೋಗಿ ಮೂಲೆಯಲ್ಲಿದ್ದ ಮೊರದ ಮೇಲೆ ಒಂದೊಂದೇ ದೂರ ದೂರ ಇಟ್ಟ. ಮನೆಯಲ್ಲಿ ಹಣ್ಣಾದ ರೇಷ್ಮೆಹುಳುವನ್ನು ಗೂಡು ಕಟ್ಟೋಕೆ ಚಂದ್ರಿಕೆಗೆ, ಅಂದ್ರೆ ಬಿದಿರಿನ ತಟ್ಟೆಗೆ, ಬಿಡೋದು ನೋಡಿದ್ದಾನಲ್ಲ, ಅದೇ ಆಟ. ಪರೀಕ್ಷೆ ಮಾಡ್ತಿದ್ದ ಹುಡುಗಿಗೆ ಅದೇನೂ ಗೊತ್ತಾಗಲಿಲ್ಲ, ಪುಸ್ತಕದಲ್ಲಿ ಏನೋ ಬರೆದುಕೊಂಡಳು. ಆಮೇಲೆ ನಾಯಿ ಚಿತ್ರ ತೋರಿಸಿ "ಇದೇನು?" ಅಂದಳು. ಇವನು "ಕುಕ್ಕ" ಅಂದ. ನನ್ನ ತವರು ಗುಬ್ಬಿ ಕಡೆ, ನಾನು ಕನ್ನಡದಲ್ಲೇ ಮಾತಾಡಿಸೋದು. ಅತ್ತೆ ಮಾವ ಮನೆಯಲ್ಲಿ ತೆಲುಗು. ಆ ಹುಡುಗಿ ಎರಡು ಸಲ "ಇದೇನು ಹೇಳು, ಇದೇನು?" ಅಂತ ಕೇಳಿ ಹಾಳೆ ತಿರುಗಿಸಿಬಿಟ್ಟಳು. ನನಗೆ ಹೊಟ್ಟೆ ಉರೀತು.

ಬೆರಳು ಚುಚ್ಚಿ ರಕ್ತವನ್ನೂ ನೋಡಿದರು. ಹಿಮೋಗ್ಲೋಬಿನ್ 9.4 ಅಂತ ಚೀಟಿ ಬರೆದು ಕೊಟ್ಟು, ಡಾಕ್ಟರಿಗೆ ತೋರಿಸಿ ಅಂದರು. ಎರಡು ವರ್ಷದ ಒಪ್ಪಿಗೆ ಪತ್ರ ಮನೆಯಲ್ಲೇ ಇದೆ, ಎಂಟು ಪುಟ, ಇನ್ನೂ ಸಹಿ ಹಾಕಿಲ್ಲ. ಹೋಗುವಾಗ ಅವರು ಇನ್ನೊಂದು ಮಾತು ಹೇಳಿದರು. ಬಸಿರಾದಾಗಿನಿಂದ ಎರಡನೇ ಹುಟ್ಟುಹಬ್ಬದ ತನಕ ಮೊದಲ ಸಾವಿರ ದಿನ, ಅದೇ ಮುಖ್ಯ ಅಂತ. ನಮ್ಮ ಮನೆಯವರು "ಚಾಕಿ ಇದ್ದ ಹಾಗೆ ಕಣೆ" ಅಂದರು. ಚಾಕಿ ಅಂದ್ರೆ ರೇಷ್ಮೆಹುಳು ಇನ್ನೂ ಮರಿಯಾಗಿರೋ ಮೊದಲ ದಿನಗಳು. ಚಾಕಿಯಲ್ಲಿ ಕೆಟ್ಟ ಹುಳುವಿಗೆ ನಾಲ್ಕನೇ ಜ್ವರ (ಪೊರೆ ಬಿಡೋ ನಿದ್ದೆ) ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸರಿಯಾಗಿ ಗೂಡು ಕಟ್ಟಲ್ಲ, ಅದು ಈ ಕಡೆ ಎಲ್ಲರಿಗೂ ಗೊತ್ತು. ಹಾಗಾದರೆ ನನ್ನ ಮಗನ ಸಾವಿರ ದಿನ ಹೋದ ತಿಂಗಳೇ ಮುಗೀತಲ್ವಾ? ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಅತ್ತೆ "ನನ್ನ ಮೊಮ್ಮಗ ಏನು ಇಲೀನಾ, ಪ್ರಯೋಗಕ್ಕೆ ಕೊಡೋಕೆ" ಅಂತಾರೆ. ಮಾವ "ಇವನಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು, ಸುಮ್ನಿರು" ಅಂತಾರೆ. ಮಗ ಹೇಳಿದ್ದೆಲ್ಲ ಅರ್ಥ ಮಾಡಿಕೊಳ್ತಾನೆ. ಚಪ್ಪಲಿ ತಾ ಅಂದರೆ ತರ್ತಾನೆ. ಬಾಯಿಂದ ಬರೋದು ಮಾತ್ರ ಕನ್ನಡದ್ದು ಎಂಟೊಂಬತ್ತು ಪದ. ಸೇರಿಸೋದರಿಂದ ನಮಗೆ ಏನಾದರೂ ಉಪಯೋಗ ಇದೆಯಾ, ಇಲ್ಲಾ ಬರೀ ಅವರಿಗಾ? ಎರಡು ಭಾಷೆಯಿಂದ ಮಾತು ನಿಂತಿದೆಯಾ? ಗೊತ್ತಿರೋರು ಹೇಳಿ.

ಹಳೇ ಸರ್ವೇಯರ್ (ತುಮಕೂರು)

ಆ ಚಾಪೆಯ ಇನ್ನೊಂದು ಬದಿಯಲ್ಲಿ ನಾನು ಆರು ವರ್ಷ ಕೂತಿದ್ದೇನೆ. ಶಿರಾ, ಮಧುಗಿರಿ, ಕೊರಟಗೆರೆ ಕಡೆ ಮಕ್ಕಳ ಸರ್ವೆ ಕೆಲಸ. ಈಗ ಬಿಟ್ಟಿದ್ದೇನೆ, ಆದ್ದರಿಂದ ಯಾರ ಪರವೂ ಮಾತಾಡಬೇಕಾಗಿಲ್ಲ.

ಮೊದಲು ಆ ಹುಡುಗಿಯ ವಿಷಯ. ಅವಳ ಮೇಲೆ ಕೋಪ ಬೇಡ. ಪರೀಕ್ಷೆಯಲ್ಲಿ ಎಲ್ಲ ಮಗುವಿಗೂ ಒಂದೇ ಮಾತು, ಒಂದೇ ಕ್ರಮ, ಇಷ್ಟೇ ಸಲ ಕೇಳಬೇಕು ಅಂತ ಕಟ್ಟುನಿಟ್ಟು ಇರುತ್ತೆ. ನಾನು ಒಂದು ಮಗುವಿಗೆ "ಅಯ್ಯೋ ಹೇಳು ಪುಟ್ಟಾ" ಅಂತ ಪುಸಲಾಯಿಸಿ, ಇನ್ನೊಂದಕ್ಕೆ ಸುಮ್ನೆ ಇದ್ದರೆ ಲೆಕ್ಕವೇ ಕೆಟ್ಟುಹೋಗುತ್ತೆ. ನಮ್ಮ ತರಬೇತಿಯಲ್ಲಿ ಮುಖ ಅರಳಿಸೋದಕ್ಕೂ ಮಿತಿ ಇತ್ತು! ಆದರೆ "ಕುಕ್ಕ" ಬಿಟ್ಟುಹೋಗಿದ್ದರೆ ಅದು ಅವಳದಲ್ಲ, ಪರೀಕ್ಷೆ ಸಿದ್ಧ ಮಾಡಿದವರ ತಪ್ಪು. ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಪಾವಗಡ, ಇಲ್ಲೆಲ್ಲ ಬರೀ ಕನ್ನಡದ ಪಟ್ಟಿ ಹಿಡಿದು ಬಂದರೆ ಅರ್ಧ ಮಕ್ಕಳು ದಡ್ಡರಾಗಿ ಕಾಣ್ತಾರೆ. ಎರಡು ಭಾಷೆ ಕೇಳುವ ಮಗುವಿನ ಪದ ಎಣಿಸುವಾಗ ಎರಡೂ ಭಾಷೆ ಸೇರಿಸಿ ಎಣಿಸಬೇಕು. ನೀವೇ ಒಂದು ಹಾಳೆ ತಗೊಂಡು ಒಂದು ವಾರ ಅವನು ಹೇಳಿದ್ದನ್ನೆಲ್ಲ ಬರೆಯಿರಿ. ಪಾಲು (ಹಾಲು), ನೀಳ್ಳು (ನೀರು), ಕುಕ್ಕ, ಅಂಬಾ, ಎಲ್ಲವೂ. ತಪ್ಪು ತಪ್ಪಾಗಿ ಹೇಳಿದರೂ ಯಾವಾಗಲೂ ಅದೇ ವಸ್ತುವಿಗೆ ಅದೇ ಶಬ್ದ ಹೇಳಿದರೆ ಅದು ಪದವೇ.

ಅರ್ಧ ಊರಿಗೆ ಮಾತ್ರ ಆಟ ಯಾಕೆ ಅಂತ ನನ್ನನ್ನೂ ಎಷ್ಟೋ ತಾಯಂದಿರು ಬೈದಿದ್ದಾರೆ. ನಿಮ್ಮ ಕಸುಬಿನಲ್ಲೇ ಹೇಳ್ತೀನಿ. ಈ ಬೆಳೆಗೆ ಎಲ್ಲ ತಟ್ಟೆಗೂ ವಿ-1 ತಳಿಯ ಹಿಪ್ಪುನೇರಳೆ ಸೊಪ್ಪು ಹಾಕಿ ಗೂಡು ಚೆನ್ನಾಗಿ ಬಂತು ಅಂದುಕೊಳ್ಳಿ. ಸೊಪ್ಪಿನಿಂದ ಬಂತಾ, ಹವಾ ಚೆನ್ನಾಗಿತ್ತಾ, ಮೊಟ್ಟೆಯೇ ಒಳ್ಳೇದಿತ್ತಾ, ಹೇಗೆ ಹೇಳ್ತೀರಿ? ಅದೇ ಮೊಟ್ಟೆ, ಅದೇ ಮನೆ, ಅರ್ಧ ತಟ್ಟೆಗೆ ಹಳೇ ಎಂ-5 ಸೊಪ್ಪು ಹಾಕಿದ್ದರೆ ಗೊತ್ತಾಗುತ್ತಿತ್ತು. ಮಕ್ಕಳಂತೂ ಎರಡು ವರ್ಷದಲ್ಲಿ ಯಾರೂ ಏನೂ ಮಾಡದಿದ್ದರೂ ಬೆಳೀತಾರೆ, ಮಾತಾಡ್ತಾರೆ. ಆಟದಿಂದ ಎಷ್ಟು, ವಯಸ್ಸಿನಿಂದ ಎಷ್ಟು ಅಂತ ಬೇರೆ ಮಾಡೋಕೆ ಹೋಲಿಕೆ ಊರು ಬೇಕು.

ಈ ಮನೆಗೆ ಹೋಗಿ ಆಡಿಸೋ ಪದ್ಧತಿ ಶುರುವಾಗಿದ್ದು ಜಮೈಕಾದಲ್ಲಿ. ಹೌದು, ಕ್ರಿಸ್ ಗೇಲ್ ಊರು. 1986-87ರಲ್ಲಿ ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದ 129 ಮಕ್ಕಳನ್ನು ತಗೊಂಡರು. ಸ್ಯಾಲಿ ಗ್ರಂಥಮ್-ಮೆಕ್‌ಗ್ರೆಗರ್ ಅಂತ ಡಾಕ್ಟರಮ್ಮ ಅದರ ಮುಂದಾಳು. ಕೆಲವರಿಗೆ ವಾರಕ್ಕೊಂದು ಕಿಲೋ ಹಾಲಿನ ಪುಡಿ, ಕೆಲವರಿಗೆ ವಾರಕ್ಕೊಂದು ಗಂಟೆ ಆಟ, ಕೆಲವರಿಗೆ ಎರಡೂ, ಕೆಲವರಿಗೆ ಎರಡೂ ಇಲ್ಲ. ಆಡಿಸಲು ಬರುತ್ತಿದ್ದವರು ಡಾಕ್ಟರಲ್ಲ, ನಮ್ಮ ಆಶಾ ಥರದ ಹೆಂಗಸರು. ಆಟದ ಸಾಮಾನು ಪ್ಲಾಸ್ಟಿಕ್ ಬಾಟಲಿ, ರಟ್ಟು, ಬಟ್ಟೆ ಗೊಂಬೆ. ಒಂದು ವಾರ ಮನೆಯಲ್ಲಿ ಬಿಟ್ಟು ಮುಂದಿನ ವಾರ ಬದಲಾಯಿಸೋದು. ಎರಡು ವರ್ಷ ನಡೀತು, ಅಷ್ಟೇ. ಆ ಮಕ್ಕಳು 22 ವರ್ಷ ಆದಾಗ ಹುಡುಕಿಕೊಂಡು ಹೋಗಿ ನೋಡಿದರೆ, ಆಟ ಸಿಕ್ಕಿದವರ ಸಂಪಾದನೆ ಸಿಗದವರಿಗಿಂತ ಶೇ 25ರಷ್ಟು ಜಾಸ್ತಿ. ಬರೀ ಹಾಲಿನ ಪುಡಿ ಸಿಕ್ಕಿದವರಲ್ಲಿ ಅಂಥ ಲಾಭ ಉಳಿದಿರಲಿಲ್ಲ. ಒಡಿಶಾದ ಕಟಕ್‌ನಲ್ಲೂ ಇದೇ ಪದ್ಧತಿ ಮಾಡಿ ನೋಡಿದ್ದಾರೆ, ಅಲ್ಲೂ ಮಕ್ಕಳ ಕಲಿಕೆಗೆ ಒಳ್ಳೇದಾಗಿದೆ.

ನಿಮ್ಮ ಸಾವಿರ ದಿನದ ಚಿಂತೆಗೂ ಇಲ್ಲೇ ಉತ್ತರ ಇದೆ ನೋಡಿ. ಜಮೈಕಾದಲ್ಲಿ ಸೇರಿದಾಗ ಮಕ್ಕಳಿಗೆ 9ರಿಂದ 24 ತಿಂಗಳು. ಮುಗಿಯುವಾಗ ಕೆಲವರಿಗೆ ನಾಲ್ಕು ವರ್ಷ ಹತ್ತಿರ. ಎರಡನೇ ಹುಟ್ಟುಹಬ್ಬದ ದಿನ ಯಾರೂ ಬಾಗಿಲು ಹಾಕಲ್ಲ. ಸಾವಿರ ದಿನ ಅನ್ನೋದು ಮುಖ್ಯವಾಗಿ ಊಟ, ಎತ್ತರ, ತೂಕದ ಲೆಕ್ಕದಲ್ಲಿ ಹೇಳೋ ಮಾತು. ಮಗು ಹುಳು ಅಲ್ಲ, 25 ದಿನಕ್ಕೆ ಗೂಡು ಕಟ್ಟಿ ಮುಗಿಸಲ್ಲ.

ಆದರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ನಾವು ಅಳೆಯುತ್ತಿದ್ದದ್ದು ನೂರಾರು ಮಕ್ಕಳ ಸರಾಸರಿ. ನಿಮ್ಮ ಮಗನನ್ನು ನೋಡಿಕೊಳ್ಳೋದು ನಮ್ಮ ಕೆಲಸ ಆಗಿರಲಿಲ್ಲ. ಸಂಶೋಧನೆಗೆ ಸೇರಿಸಿದೆ, ಇನ್ನು ಅವರೇ ಹೇಳ್ತಾರೆ ಅಂತ ಡಾಕ್ಟರ ಹತ್ತಿರ ಹೋಗದೆ ಕೂತ ತಾಯಂದಿರನ್ನು ನೋಡಿದ್ದೇನೆ. ಅದು ನನ್ನನ್ನು ಇವತ್ತಿಗೂ ಕಾಡುತ್ತೆ.

ಪಾವಗಡದಪ್ಪ

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಆದರೆ ನನ್ನ ಅನುಭವ ಬೇರೆ. ಮಗಳಿಗೆ ಮೂರು ವರ್ಷ ಇದ್ದಾಗ ಒಂದು ತಂಡ ಬಂತು. ಯಾರು ಅಂತ ಬರೆಯಲ್ಲ, ಬೇಡ. ಮೂರು ಸಲ ಬಂದರು. ಎತ್ತರ, ತೂಕ, ತಲೆ ಸುತ್ತಳತೆ, ಮೂತ್ರ, ಮನೆಯ ಬೋರ್ ನೀರು, ಎಲ್ಲ ತಗೊಂಡು ಹೋದರು. "ರಿಪೋರ್ಟ್ ಬರುತ್ತೆ ಸರ್" ಅಂದರು. ಫೋನ್ ಮಾಡಿದೆ, ಆ ನಂಬರ್ ಇಟ್ಟುಕೊಂಡಿದ್ದ ಹುಡುಗ ಕೆಲಸ ಬಿಟ್ಟಿದ್ದ. ಬೇರೆ ನಂಬರ್ ಇಲ್ಲ. ಮಗಳು ಈಗ ಮೂರನೇ ಕ್ಲಾಸು. ಹೊಸದಾಗಿ ಬಂದ ಮುಂದಿನ ಹಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ ಬಿಳಿ ಪಟ್ಟೆ. ಅಂಚಿನಲ್ಲಿ ಕಂದು. ನಾನೇ ನೀರು ಟೆಸ್ಟ್ ಮಾಡಿಸಿದೆ, ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿತ್ತು. ನಮ್ಮ ದೇಶದಲ್ಲಿ 1 ಇದ್ದರೆ ಒಳ್ಳೇದು, ಬೇರೆ ನೀರೇ ಇಲ್ಲದಿದ್ದರೆ 1.5 ತನಕ, ಅದೇ ಮಿತಿ.

ಆ ಹಲ್ಲು ದವಡೆ ಒಳಗೆ ತಯಾರಾಗೋದು ಮೂರು ನಾಲ್ಕು ವರ್ಷದ ಹೊತ್ತಿಗೇ. ಅಂದ್ರೆ ಅವರು ನೀರು ತಗೊಂಡು ಹೋದ ವರ್ಷವೇ ಒಂದು ಚೀಟಿ ಕೊಟ್ಟಿದ್ದರೆ ನಾನು ಅವತ್ತೇ ಫಿಲ್ಟರ್ ನೀರು ತರುತ್ತಿದ್ದೆ. ನಾವು ಪಾಪ, ಒಳ್ಳೇದು ಅಂತ ದಿನಾ ಕುದಿಸಿ ಕುದಿಸಿ ಕೊಡ್ತಿದ್ದೆವು. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ ಅಂತ ಆಮೇಲೆ ಗೊತ್ತಾಯಿತು. ಹಲ್ಲು ಅಷ್ಟೇನಾ ಅಂತ ಕೇಳಬೇಡಿ. 2024ರಲ್ಲಿ ಅಮೆರಿಕದ ನ್ಯಾಷನಲ್ ಟಾಕ್ಸಿಕಾಲಜಿ ಪ್ರೋಗ್ರಾಂ ಒಂದು ವರದಿ ಬಿಟ್ಟಿತು. ಹಲವು ದೇಶಗಳ ಅಧ್ಯಯನ ಒಟ್ಟು ಮಾಡಿ ನೋಡಿ, 1.5ಕ್ಕಿಂತ ಜಾಸ್ತಿ ಫ್ಲೋರೈಡ್ ಇರುವ ನೀರಿಗೂ ಮಕ್ಕಳ ಐಕ್ಯೂ ಕಡಿಮೆ ಇರೋದಕ್ಕೂ ಸಂಬಂಧ ಕಾಣುತ್ತೆ ಅಂತ. ಅದರಲ್ಲಿ ನಮ್ಮಂಥ ಊರಿನ ಮಕ್ಕಳ ಲೆಕ್ಕವೂ ಸೇರಿರುತ್ತೆ. ಲೆಕ್ಕ ಪ್ರಪಂಚಕ್ಕೆ ಹೋಯಿತು, ಚೀಟಿ ಮಾತ್ರ ನಮ್ಮ ಮನೆಗೆ ಬರಲಿಲ್ಲ.

ಅಕ್ಕಾ, ಸೇರಿಸಿ ಬೇಡ ಅನ್ನಲ್ಲ. ಆದರೆ ರಿಸಲ್ಟ್ ಯಾವಾಗ, ಯಾರು ಕೊಡ್ತಾರೆ ಅಂತ ಆ ಎಂಟು ಪುಟದಲ್ಲಿ ಎಲ್ಲಿದೆ ಹುಡುಕಿ. ಇಲ್ಲದಿದ್ದರೆ ಪೆನ್ನು ಮುಚ್ಚಿಡಿ.

ಟೀಚರಮ್ಮ (ಅಂಗನವಾಡಿ, ಮುಳಬಾಗಿಲು ತಾಲ್ಲೂಕು)

ನಾನು ಒಂದೇ ಪ್ರಶ್ನೆ ಕೇಳ್ತೀನಿ. ಮಗ ದಿನಕ್ಕೆ ಎಷ್ಟು ಹಾಲು ಕುಡೀತಾನೆ? ಬಾಟಲಲ್ಲಾ, ಲೋಟದಲ್ಲಾ?

ಯಾಕೆಂದರೆ ರೇಷ್ಮೆ, ಹಾಲು ಎರಡೂ ಇರೋ ಮನೆಯಲ್ಲಿ ಇದನ್ನೇ ನೋಡಿ ನೋಡಿ ಸಾಕಾಗಿದೆ. ಹುಳು ಮೇಯೋ ದಿನಗಳಲ್ಲಿ ತಾಯಿಗೆ ಪುರುಸೊತ್ತಿಲ್ಲ, ಮಗು ಅತ್ತರೆ ಬಾಟಲು. ಹಸು ಮನೆಯಲ್ಲೇ ಇದೆ, ಹಾಲಿಗೇನು ಕಡಿಮೆ. ಗುಂಡುಗುಂಡಾಗಿ ಇರುತ್ತೆ ಮಗು, ಕಣ್ಣಿನ ರೆಪ್ಪೆ ಕೆಳಗೆ ಎಳೆದು ನೋಡಿದರೆ ಬಿಳಿಚಿಕೊಂಡಿರುತ್ತೆ. ಹಾಲಿನಲ್ಲಿ ಕಬ್ಬಿಣ ಇಲ್ಲವೇ ಇಲ್ಲ ಅನ್ನೋಷ್ಟು ಕಡಿಮೆ. ಹೊಟ್ಟೆ ತುಂಬಿಸಿ ಮುದ್ದೆ ಸಾರಿಗೆ ಜಾಗ ಇಲ್ಲದ ಹಾಗೆ ಮಾಡುತ್ತೆ. ಊಟದಲ್ಲಿರೋ ಕಬ್ಬಿಣ ಮೈಗೆ ಹತ್ತೋದನ್ನೂ ತಡೆಯುತ್ತೆ. ಈ ವಯಸ್ಸಿಗೆ ದಿನಕ್ಕೆ ಅರ್ಧ ಲೀಟರ್ ದಾಟಬಾರದು.

ಆಮೇಲೆ ಟೀ. ತಾತನ ತಟ್ಟೆಯಲ್ಲಿ ಬನ್ನು ಅದ್ದಿ ತಿನ್ನಿಸೋದು. ನಿಲ್ಲಿಸಿ. ಊಟದ ಜೊತೆ ಟೀ ಹೋದರೆ ಸೊಪ್ಪಿನ ಕಬ್ಬಿಣ ನೀರುಪಾಲು. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿ, ಊಟ ಆದ ಮೇಲೆ ಸೀಬೆಹಣ್ಣು ಕೊಡಿ, ಅದರಿಂದ ಜಾಸ್ತಿ ಹತ್ತುತ್ತೆ. ರಾಗಿಯನ್ನು ಮೊಳಕೆ ಕಟ್ಟಿ ಹಿಟ್ಟು ಮಾಡಿದರೆ ಇನ್ನೂ ಒಳ್ಳೇದು, ನಮ್ಮಜ್ಜಿ ಮಾಡುತ್ತಿದ್ದದ್ದೇ ಅದು.

ನಾವು ಕೊಡೋ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ. ಅದು ರಕ್ತ ಕಡಿಮೆ ಆಗದಿರಲಿ ಅಂತ ಎಲ್ಲ ಮಕ್ಕಳಿಗೂ ಕೊಡೋದು. 9.4 ಅಂತ ಗೊತ್ತಾದ ಮೇಲೆ ಅದು ಸಾಲದು. ದಿನಾ ಕೊಡಬೇಕಾಗುತ್ತೆ, ಎಷ್ಟು ಅಂತ ತೂಕ ನೋಡಿ ಡಾಕ್ಟರೇ ಹೇಳಬೇಕು. ಕಕ್ಕ ಕಪ್ಪಗೆ ಬರುತ್ತೆ, ಹೆದರಿ ನಿಲ್ಲಿಸಬೇಡಿ. ಬಾಟಲು ಮಾತ್ರ ಮಗುವಿಗೆ ಎಟುಕದ ಕಡೆ ಇಡಿ. ಸಿಹಿ ಇದೆ ಅಂತ ಒಂದೇ ಸಲ ಕುಡಿದುಬಿಟ್ಟರೆ ವಿಷ.

ಎತ್ತರದ ಬಗ್ಗೆ ನೀವೇನೂ ಬರೆದಿಲ್ಲ. ಚಾರ್ಟ್ ಕೇಳಿ ನೋಡಿ. ನಮ್ಮ ಕಡೆ ಎಲ್ಲರೂ "ನಮ್ಮ ವಂಶವೇ ಕುಳ್ಳ" ಅಂತಾರೆ. ಆ ಚಾರ್ಟ್ ಬೆಳ್ಳಗಿರೋರ ಮಕ್ಕಳದ್ದು ಅಂತಲೂ ಹೇಳ್ತಾರೆ. ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳಲ್ಲಿ ಅಳೆದು 2006ರಲ್ಲಿ ಕೊಟ್ಟಿದ್ದು ಅದು, ನಮ್ಮ ದಕ್ಷಿಣ ದೆಹಲಿಯ ಮಕ್ಕಳೂ ಅದರಲ್ಲಿದ್ದಾರೆ. ಎದೆಹಾಲು, ಸರಿಯಾದ ಊಟ, ಚೊಕ್ಕ ಮನೆ ಇದ್ದರೆ ಐದು ವರ್ಷದ ತನಕ ಎಲ್ಲ ದೇಶದ ಮಕ್ಕಳೂ ಹೆಚ್ಚುಕಡಿಮೆ ಒಂದೇ ಥರ ಬೆಳೀತಾರೆ ಅಂತ ಅಲ್ಲೇ ಗೊತ್ತಾಗಿದ್ದು.

ಹಳೇ ಸರ್ವೇಯರ್

ಟೀಚರಮ್ಮ ಎತ್ತರ ಅಂದಿದ್ದಕ್ಕೆ ಒಂದು ಸಣ್ಣ ವಿಷಯ. ಎರಡು ವರ್ಷದ ಒಳಗೆ ಮಲಗಿಸಿ ಅಳೀತಾರೆ, ದಾಟಿದ ಮೇಲೆ ನಿಲ್ಲಿಸಿ. ನಿಲ್ಲಿಸಿದಾಗ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತೆ. ಹೋದ ತಿಂಗಳಿಗಿಂತ ಮಗು ಕುಗ್ಗಿದೆ ಅಂತ ಗಾಬರಿ ಬಿದ್ದು ನನಗೆ ಫೋನ್ ಮಾಡಿದವರಿದ್ದಾರೆ.

ರೇಷ್ಮೆಮನೆ

ಟೀಚರಮ್ಮ, ನೀವು ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನೋಡಿದ ಹಾಗಿದೆ. ಬಾಟಲೇ. ಬೆಳಿಗ್ಗೆ, ಹತ್ತು ಗಂಟೆಗೆ, ಮಧ್ಯಾಹ್ನ ಮಲಗುವಾಗ, ಸಂಜೆ, ರಾತ್ರಿ. ಲೆಕ್ಕ ಹಾಕಿದರೆ ಲೀಟರ್ ಹತ್ತಿರ ಆಗುತ್ತೆ. ಒಳ್ಳೇದು ಅಂತಲೇ ಕೊಡ್ತಿದ್ದೆ. ಟೀ ಬನ್ನು ಕೂಡ ನಿಜ, ಮಾವ ಕೊಡ್ತಾರೆ.

ಪದ ಬರೆಯೋಕೆ ಶುರು ಮಾಡಿದೆ. ನಾಲ್ಕು ದಿನಕ್ಕೆ 23 ಆಗಿದೆ, ಅದರಲ್ಲಿ 14 ತೆಲುಗು! ಅತ್ತೆಯೇ ಕೂತು ಹೇಳಿದರು. ಆದರೆ ಎರಡು ಪದ ಸೇರಿಸಿ ಏನೂ ಹೇಳಲ್ಲ. ಹಾಗಾದರೆ ಪರವಾಗಿಲ್ವಾ? ರಕ್ತ ಸರಿಯಾದರೆ ಮಾತೂ ಬರುತ್ತಾ?

ಮಕ್ಕಳ ವಾರ್ಡು (ಕೋಲಾರ. ಡಾಕ್ಟರ್, ಮಕ್ಕಳ ವಿಭಾಗದಲ್ಲಿ ಕಲಿಯುತ್ತಿದ್ದೇನೆ)

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡ್ತೀನಿ, ಯಾಕೆಂದರೆ ಅದೇ ಅಪಾಯದ ಪ್ರಶ್ನೆ. ಬಾಂಗ್ಲಾದೇಶದಲ್ಲಿ ಎಂಟು ತಿಂಗಳ 3300 ಮಕ್ಕಳಿಗೆ ಮೂರು ತಿಂಗಳು ಕೊಟ್ಟು ನೋಡಿದ ದೊಡ್ಡ ಅಧ್ಯಯನ ಇದೆ, 2021ರಲ್ಲಿ ಬಂತು. ಕೆಲವರಿಗೆ ಕಬ್ಬಿಣದ ಸಿರಪ್, ಕೆಲವರಿಗೆ ಪುಡಿ, ಕೆಲವರಿಗೆ ನೋಡೋಕೆ ಹಾಗೇ ಇರುವ, ಔಷಧಿ ಇಲ್ಲದ್ದು. ಕಬ್ಬಿಣ ತಗೊಂಡವರ ರಕ್ತ ಏರಿತು. ಆದರೆ ಕಲಿಕೆ, ಮಾತಿನ ಅಂಕಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಂದ್ರೆ ರಕ್ತಕ್ಕೆ ಔಷಧಿ ಬೇಡ ಅಂತಲ್ಲ. 9.4 ಇರೋ ಮಗುವಿಗೆ ಕೊಡಲೇಬೇಕು, ಸುಸ್ತು, ಊಟ ಸೇರದಿರೋದು ಇದಕ್ಕೆಲ್ಲ ಅದೇ ಮದ್ದು. ಈ ವಯಸ್ಸಿಗೆ 11 ಇರಬೇಕು. ಆದರೆ ಸಿರಪ್ ಕುಡಿಸ್ತಾ ಮಾತಿಗೆ ಕಾಯಬೇಡಿ. ಅದು ಬೇರೆ ದಾರಿ.

ಬೆರಳಿನ ರಕ್ತದ ಬಗ್ಗೆಯೂ ಒಂದು ಮಾತು. ಮಗು ಒದ್ದಾಡುವಾಗ ಬೆರಳು ಹಿಂಡಿದರೆ ಲೆಕ್ಕ ಏರುಪೇರಾಗುತ್ತೆ. ಬೆರಳು ಚುಚ್ಚಿ ನೋಡಿದ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಶೇ 65.5ರಷ್ಟು ಜನಕ್ಕೆ ರಕ್ತಹೀನತೆ, ದೇಶದಲ್ಲಿ ಶೇ 67. ನರದಿಂದ ರಕ್ತ ತೆಗೆದ 2016-18ರ ಇನ್ನೊಂದು ದೊಡ್ಡ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳದ್ದು ದೇಶಕ್ಕೆ ಶೇ 41. ಇಷ್ಟು ಅಂತರಕ್ಕೆ ರಕ್ತ ತೆಗೆದ ರೀತಿಯೂ ಒಂದು ಕಾರಣ ಅಂತ ಇನ್ನೂ ಜಗಳ ನಡೀತಿದೆ. ಆದ್ದರಿಂದ ಆಸ್ಪತ್ರೆಯಲ್ಲಿ ಒಂದು ಸಲ ಸರಿಯಾಗಿ ರಕ್ತ ಪರೀಕ್ಷೆ ಮಾಡಿಸಿ.

ಈಗ ಮಾತು. ಎರಡು ವರ್ಷಕ್ಕೆ ಎಲ್ಲ ಭಾಷೆ ಸೇರಿ ಸುಮಾರು 50 ಪದ, ಮತ್ತೆ "ಅಮ್ಮ ಬಾ", "ಪಾಲು ಕೊಡು" ಥರ ಎರಡು ಪದದ ಜೋಡಿ. (ಅರ್ಧ ತೆಲುಗು ಅರ್ಧ ಕನ್ನಡ ಆದರೂ ಲೆಕ್ಕಕ್ಕೆ ಬರುತ್ತೆ, ನಮ್ಮ ಕೋಲಾರದಲ್ಲಿ ದೊಡ್ಡೋರೇ ಹಾಗೆ ಮಾತಾಡೋದು.) 23 ಪದ, ಜೋಡಿ ಇಲ್ಲ ಅಂದರೆ ಸ್ವಲ್ಪ ಹಿಂದೆ ಇದ್ದಾನೆ. ಹೇಳಿದ್ದು ಅರ್ಥ ಆಗುತ್ತೆ, ಆಟದಲ್ಲಿ ನಿಮ್ಮನ್ನು ನೋಡಿ ಹುಳು ಬಿಡ್ತಾನೆ, ಇವೆರಡೂ ಬಹಳ ಒಳ್ಳೇ ಲಕ್ಷಣ. ಇಂಥ ಎಷ್ಟೋ ಮಕ್ಕಳು ಮೂರು ವರ್ಷದ ಹೊತ್ತಿಗೆ ತಾವೇ ಸರಿಹೋಗ್ತಾರೆ. ಆದರೆ ಯಾರು ಸರಿಹೋಗ್ತಾರೆ, ಯಾರು ಇಲ್ಲ ಅಂತ ಈಗಲೇ ಹೇಳೋಕಾಗಲ್ಲ. ನಿಮ್ಮ ಮಾವನ ಮಾತು ಮಗನ ವಿಷಯದಲ್ಲಿ ನಿಜ ಆಗಿತ್ತು, ಮೊಮ್ಮಗನಿಗೂ ಆಗಬಹುದು, ಆಗದೆಯೂ ಇರಬಹುದು. ಎರಡು ಭಾಷೆಯಿಂದ ಮಾತು ನಿಲ್ಲಲ್ಲ. ಯಾವ ಭಾಷೆಯನ್ನೂ ಬಿಡಿಸಬೇಡಿ, ಅತ್ತೆ ತೆಲುಗಿನಲ್ಲೇ ಮಾತಾಡಲಿ. ಬಿಡಿಸಿದರೆ ಅಜ್ಜಿ ಜೊತೆ ಆಡೋ ಮಾತೇ ಕಡಿಮೆಯಾಗುತ್ತೆ, ಅಷ್ಟೇ.

ಮೊದಲು ಕಿವಿ ಪರೀಕ್ಷೆ. ಚಪ್ಪಲಿ ತರ್ತಾನೆ ಅಂದಮಾತ್ರಕ್ಕೆ ಕಿವಿ ಪೂರ್ತಿ ಸರಿ ಇದೆ ಅಂತ ಅಲ್ಲ. ನೀವು ಕೈ ತೋರಿಸಿ ಹೇಳ್ತೀರಿ, ಅವನು ಕೈ ನೋಡಿ ತರ್ತಾನೆ. ನೆಗಡಿ ಆಗಿ ಕಿವಿಯೊಳಗೆ ನೀರು ನಿಂತರೂ ಮಾತು ಮಸುಕಾಗಿ ಕೇಳುತ್ತೆ. ಅಂಗನವಾಡಿ ಮಕ್ಕಳನ್ನು ವರ್ಷಕ್ಕೆ ಎರಡು ಸಲ ನೋಡಲು ಬರೋ ಡಾಕ್ಟರ ತಂಡ ಇದೆಯಲ್ಲ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು, ಅವರ ಹತ್ತಿರ ಚೀಟಿ ಬರೆಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗಿ. ಅದಕ್ಕೂ ಮೇಲೆ ಬೇಕಾದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ.

ಪಾವಗಡದಪ್ಪ ಅವರೇ, ನಿಮ್ಮ ಕೋಪ ನ್ಯಾಯವಾದದ್ದು. ಆದರೆ "ಪೆನ್ನು ಮುಚ್ಚಿಡಿ" ಅನ್ನೋದು ನನಗೆ ಒಪ್ಪಿಗೆ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಜನ ಮಿಷನ್ ಆಸ್ಪತ್ರೆ ಅಂತಾರೆ, 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆ ಅಳತೆ ಬರೆದಿಟ್ಟಿದ್ದರು. ಬರೆದ ನರ್ಸಿಗೆ ಅದು ಯಾವುದಕ್ಕೆ ಆಗುತ್ತೆ ಅಂತ ಗೊತ್ತಿರಲಿಲ್ಲ. 1990ರ ದಶಕದಲ್ಲಿ ಆ ಮಕ್ಕಳಲ್ಲಿ 517 ಜನರನ್ನು, ಆಗ ಅವರಿಗೆ ನಲವತ್ತು ಐವತ್ತು ವಯಸ್ಸು ದಾಟಿತ್ತು, ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಬಸುರಿಯ ಊಟಕ್ಕೆ ಇವತ್ತು ಇಷ್ಟು ಒತ್ತು ಕೊಡೋದರ ಹಿಂದೆ ಅಂಥ ರಿಜಿಸ್ಟರುಗಳಿವೆ. ಫ್ಲೋರೈಡ್ ವರದಿಯೂ ಸಂಬಂಧ ಕಾಣುತ್ತೆ ಅಂದಿದೆ, ಇದರಿಂದಲೇ ಅದು ಆಯಿತು ಅಂತ ಮುದ್ರೆ ಒತ್ತಿಲ್ಲ, ಅದನ್ನೂ ಹೇಳಿಬಿಡೋಣ. ಆದರೂ ಆ ನೀರು ಕುಡಿಸಬೇಡಿ ಅನ್ನೋಕೆ ಹಲ್ಲು, ಮೂಳೆ ಸಾಕು.

ಪಾವಗಡದಪ್ಪ

ಡಾಕ್ಟರೇ, ಆ ರಿಜಿಸ್ಟರಿನ ಮಕ್ಕಳಿಗೆ ಐವತ್ತು ವರ್ಷ ಆದ ಮೇಲಾದರೂ ಯಾರೋ ಬಂದು ಬಾಗಿಲು ತಟ್ಟಿದರು. ನಮ್ಮ ಮನೆಗೆ ಅಷ್ಟೂ ಇಲ್ಲ. ಅಳತೆ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಅಳೆದವರು ಹೇಳಿ ಹೋಗಲಿ.

ಹಳೇ ಸರ್ವೇಯರ್

ಇಬ್ಬರೂ ಸರಿ. ಅಕ್ಕಾ, ಅವರು ಮತ್ತೆ ಬಂದಾಗ ಹೀಗೆ ಮಾಡಿ. ಸಂಶೋಧನೆಯಿಂದ ಜನಕ್ಕೆ ಅನ್ಯಾಯ ಆಗದ ಹಾಗೆ ನೋಡೋ ನೈತಿಕ ಸಮಿತಿ ಯಾವುದು ಒಪ್ಪಿದೆ, ಅದರ ಫೋನ್ ನಂಬರ್ ಪತ್ರದಲ್ಲಿ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಲು ಹೇಳಿ. ಓಡಾಡೋ ಹುಡುಗನ ನಂಬರ್ ಬೇಡ, ಅವನು ನನ್ನ ಹಾಗೆ ಬಿಟ್ಟುಹೋಗ್ತಾನೆ. ಊರುಗಳನ್ನು ಹೀಗೆ ಚೀಟಿ ಹಾಕಿ ಬೇರೆ ಮಾಡೋ ಅಧ್ಯಯನಕ್ಕೆ ಸಾಮಾನ್ಯವಾಗಿ ಸಿಟಿಆರ್‌ಐ ಅಂತ ದೇಶದ ಪಟ್ಟಿಯಲ್ಲಿ ನಂಬರ್ ಇರುತ್ತೆ, ಯಾರು ಬೇಕಾದರೂ ಮೊಬೈಲಲ್ಲಿ ನೋಡಬಹುದು. ಪ್ರತಿ ಸಲದ ಎತ್ತರ, ತೂಕ, ರಕ್ತದ ಲೆಕ್ಕವನ್ನು ತಾಯಿ ಕಾರ್ಡಿನಲ್ಲೇ ಬರೆಸಿಕೊಳ್ಳಿ. ಬೇಡ ಅನ್ನಿಸಿದ ದಿನ ಕಾರಣ ಹೇಳದೆ ಬಿಡಬಹುದು, ಅದರಿಂದ ಅಂಗನವಾಡಿ ಮೊಟ್ಟೆ, ಹಾಲು ಏನೂ ನಿಲ್ಲಲ್ಲ. ಹೋಲಿಕೆ ಊರು ಅಂತ ಬಂದರೆ, ಕೊನೆಗೆ ನಮಗೂ ಆ ಆಟ ಕೊಡ್ತೀರಾ ಅಂತ ಕೇಳಿ. ಕೆಲವರು ಕೊಡ್ತಾರೆ, ಕೆಲವರು ಇಲ್ಲ.

ಮತ್ತೆ, ನಿಮ್ಮೂರಿಗೆ ಆಟ ಬರಲಿ ಬಿಡಲಿ, ಅವರ ಚೀಲದಲ್ಲಿ ಏನಿರುತ್ತೆ ಅಂತ ನಾನೇ ಹೇಳಿಬಿಡ್ತೀನಿ, ಗುಟ್ಟೇನಿಲ್ಲ. ಬಾಟಲಿ ಮುಚ್ಚಳ, ಡಬ್ಬಿಯೊಳಗೆ ಡಬ್ಬಿ, ಹಳೇ ಕ್ಯಾಲೆಂಡರಿನ ಚಿತ್ರ. ಮುಖ್ಯ ಅದಲ್ಲ. ಮಗು ಏನು ನೋಡ್ತಾ ಇದೆಯೋ ಅದರ ಹೆಸರು ಹೇಳೋದು, ಅದು ಏನೋ ಅಂದರೆ ಕಾದು ಉತ್ತರ ಕೊಡೋದು. ಸೊಪ್ಪು ಕತ್ತರಿಸುವಾಗಲೇ ಮಾಡಬಹುದು. ದೊಡ್ಡ ಸೊಪ್ಪು, ಸಣ್ಣ ಸೊಪ್ಪು, ಹುಳು ತಿಂತು, ಹುಳು ಮಲಗಿತು. ಮೊಬೈಲ್ ಮಾತ್ರ ಕೈಗೆ ಕೊಡಬೇಡಿ. ಅದು ಇವನು ಹೇಳಿದ್ದಕ್ಕೆ ಉತ್ತರ ಕೊಡಲ್ಲ.

ರೇಷ್ಮೆಮನೆ (ಮೂರು ವಾರದ ಮೇಲೆ)

ಗೂಡು ಬಿಡಿಸಿ ಮಾರ್ಕೆಟ್ಟಿಗೆ ಹಾಕಿದ ಮೇಲೆ ಈಗ ಪುರುಸೊತ್ತಾಯಿತು. ಆಸ್ಪತ್ರೆಗೆ ಹೋಗಿದ್ದೆವು. ನರದಿಂದ ತೆಗೆದ ರಕ್ತ 9.9 ಬಂತು. ದಿನಾ ಸಿರಪ್ ಕೊಟ್ಟಿದ್ದಾರೆ, ತಿಂಗಳು ಬಿಟ್ಟು ಮತ್ತೆ ನೋಡ್ತಾರೆ. ಕಿವಿಯಲ್ಲಿ, ಎಡಗಡೆ, ನೀರು ನಿಂತಿದೆ ಅಂದರು. ಹೋದ ತಿಂಗಳ ನೆಗಡಿದೇ ಇರಬೇಕು, ಮೂರು ತಿಂಗಳು ನೋಡೋಣ, ಹೋಗದಿದ್ದರೆ ಮುಂದೆ ಯೋಚಿಸೋಣ ಅಂದಿದ್ದಾರೆ. ಬಾಟಲು ಬಿಡಿಸೋಕೆ ಎರಡು ರಾತ್ರಿ ಊರೆಲ್ಲ ಕೇಳೋ ಹಾಗೆ ಅತ್ತ. ಈಗ ಲೋಟ. ಮುದ್ದೆ ತಿಂತಾನೆ. ಟೀ ಬನ್ನಿನ ವಿಷಯದಲ್ಲಿ ಮಾವ ಇನ್ನೂ ದಾರಿಗೆ ಬಂದಿಲ್ಲ.

ಆ ತಂಡದವರು ಬಂದಾಗ ನೀವು ಹೇಳಿದ ಎಲ್ಲ ಕೇಳಿದೆ. ನೈತಿಕ ಸಮಿತಿ ನಂಬರ್ ಏಳನೇ ಪುಟದಲ್ಲಿತ್ತು. ರಿಸಲ್ಟ್ ಕಾರ್ಡಿನಲ್ಲಿ ಬರೆದುಕೊಡ್ತೀವಿ ಅಂದರು, ಹಾಗಂತ ಪತ್ರದ ಕೆಳಗೆ ಬರೆಸಿಕೊಂಡು ಸಹಿ ಹಾಕಿದೆ. ತೆಲುಗು ಪದದ ಬಗ್ಗೆ ಅದೇ ಹುಡುಗಿ ಮೇಲಿನವರಿಗೆ ಫೋನ್ ಮಾಡಿ ಕೇಳಿದಳು. ಎಣಿಸಬೇಕಂತೆ, ಅವಳಿಗೆ ಯಾರೂ ಹೇಳಿರಲಿಲ್ಲವಂತೆ. ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಪದ ಬರೆಸಿದರು, 38. ಇಲಿ ಅಂದಿದ್ದ ಅತ್ತೆಯೇ!

ನಮ್ಮೂರು ಬರೀ ಅಳತೆಯ ಊರು ಅಂತ ನಿನ್ನೆ ಫೋನ್ ಬಂತು. ಸ್ವಲ್ಪ ಬೇಜಾರಾಯಿತು.

ಪಾವಗಡದಪ್ಪ

ಆ ಕೆಳಗೆ ಬರೆಸಿಕೊಂಡ ಸಾಲಿನ ಫೋಟೋ ತೆಗೆದು ಇಟ್ಟುಕೊಳ್ಳಿ ಅಕ್ಕಾ. ಮತ್ತೆ ನಿಮ್ಮ ಕಡೆ ಬೋರ್ ಎಷ್ಟು ಆಳ? ನೀರು ಒಂದು ಸಲ ಟೆಸ್ಟ್ ಮಾಡಿಸಿಬಿಡಿ, ಅವರು ಕೇಳದಿದ್ದರೂ.